ಸಿವಂಗಿ

ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ
ಮೂಗಿನ ಪಕ್ಕ ಒರೆಸಿದೆ.
ಹಳದಿ ಎದ್ದು ಬಂತು, ಹಳದಿಯ ಕೆಳಗೆ ಕಪ್ಪು.
ಕೊಳೆ ಅಂದುಕೊಂಡೆ. ಇನ್ನಷ್ಟು ಒರೆಸಿದೆ.
ಕಣ್ಣಿನ ಒಳತುದಿಯಿಂದ ಬಾಯಿಯ ಮೂಲೆವರೆಗೆ
ಕಾಡಿಗೆ ಕರಗಿ ಇಳಿದ ಹಾಗೆ ಒಂದು ಗೆರೆ.

ಪುಣೆಯ ಸದಾಶಿವ ಪೇಠೆಯಲ್ಲಿ, ಈ ಶಾಲೆಯ ಮಾಳಿಗೆಯಲ್ಲಿ,
ಮುರಿದ ಗ್ಲೋಬು, ಉಸಿರು ಬಿಟ್ಟ ಹಾರ್ಮೋನಿಯಂ ನಡುವೆ,
‘ಬಿಬಟ್ಯಾ’ ಅಂತ ಕೊರಳಿಗೆ ಚೀಟಿ ಕಟ್ಟಿಕೊಂಡು
ಅರವತ್ತು ವರ್ಷ ನಿಂತದ್ದು
ಚಿರತೆಯಲ್ಲ.

ಖಾಸನೀಸ ಬಾಯಿ ಹಳೇ ಜಮಾಖರ್ಚು ತೆಗೆದರು.
ಗೆದ್ದಲು ತಿನ್ನದೆ ಬಿಟ್ಟ ಒಂದು ಸಾಲು:
ಡ್ರಾಯಿಂಗ್ ಮಾಸ್ತರ ಲೋಣಕರರಿಗೆ, ಪ್ರಾಣಿ ದುರಸ್ತಿ,
ಹಳದಿ ಒಂದು ಡಬ್ಬಿ, ಕಪ್ಪು ಅರ್ಧ,
ಮಜೂರಿ ನಾಲ್ಕು ರೂಪಾಯಿ.
ಪಾಪ, ಮಾಸ್ತರರು ಪುಸ್ತಕದ ಚಿತ್ರ ಮುಂದಿಟ್ಟುಕೊಂಡು
ಒಂದೊಂದು ಚುಕ್ಕೆಗೂ ಉಂಗುರ ತೊಡಿಸಿದ್ದಾರೆ,
ಬಲು ಶ್ರದ್ಧೆಯಿಂದ.

ನಾನು ಉಂಗುರ ಕಳಚುತ್ತೇನೆ.
ಎಳ್ಳು ಚೆಲ್ಲಿದಂತೆ ಬಿಡಿಬಿಡಿ ಚುಕ್ಕೆ.
ದಟ್ಟ ಕಾಡಿನ ನೆರಳಿಗಲ್ಲ ಇವು,
ಸುಪೆಯ ಬಯಲಿನ ಮೊಣಕಾಲೆತ್ತರದ ಒಣಹುಲ್ಲಿಗೆ.
ಗಾಳಿ ಬಂದರೆ ಹುಲ್ಲು ಅಲುಗಬೇಕು, ಇದು ಅಲುಗಬಾರದು.
ಗಾಳಿ ನಿಂತರೆ
ಇದು ಇರಲೇಬಾರದು.

ಉಗುರು ನೋಡಿ. ನಾಯಿಯದರ ಹಾಗೆ ಸದಾ ಹೊರಗೆ,
ಸವೆದು ಮೊಂಡು.
ಮೈಬಣ್ಣವೆಲ್ಲ ಬಚ್ಚಿಡಲಿಕ್ಕೆ, ಇದು ಮಾತ್ರ
ನೆಲ ಕಚ್ಚಿ ಓಡಲಿಕ್ಕೆ.
ಬಾಲ ದೋಣಿಯ ಹುಟ್ಟು.
ಜಿಂಕೆ ಹೊರಳಿತೋ, ಬಾಲ ಬೀಸಿ ತಾನೂ ಹೊರಳುವುದು.
ಹಿಡಿದ ಮೇಲೆ ತಿನ್ನಲಾರದೆ ಏದುಸಿರು ಬಿಡುತ್ತಾ ಕೂರುವುದು,
ಕತ್ತೆಕಿರುಬ ಬಂದರೆ ಎದ್ದು ಹೋಗುವುದು.
ಅಷ್ಟು ವೇಗಿ, ಅಷ್ಟು ಬಡಪಾಯಿ.

ಮರಿಗಳ ಬೆನ್ನ ಮೇಲೆ ಬೂದು ಜೂಲಂತೆ,
ದೂರದಿಂದ ತರಕರಡಿಯ ಹಾಗೆ ಕಾಣಲಿ,
ಯಾರೂ ತಂಟೆಗೆ ಬಾರದಿರಲಿ ಅಂತ.
ಹುಟ್ಟುತ್ತಲೇ ಬೇರೆ ಯಾರೋ ಆಗಿರುವ ವಿದ್ಯೆ.
ಮಾಸ್ತರರ ಡಬ್ಬಿ ಆಮೇಲೆ ಬಂತು ಅಷ್ಟೇ.

ಅಕ್ಕಲಕೋಟೆಯ ನಮ್ಮಜ್ಜಿ,
ಹುಣಸೆಬೊಟ್ಟಿಗೆ ಓಣಿ ದಾಟಿ ಓಡುತ್ತಿದ್ದ ನನ್ನ ಬೆನ್ನಿಗೆ
ಕೂಗುತ್ತಿದ್ದಳು:
‘ಏ ಸಿವಂಗಿ, ನಿಂದರ, ಕಾಲ ಮುರೀತೀನಿ!’
ಸಿವಂಗಿ ಅಂದರೆ ಮಾನ ಬಿಟ್ಟವಳು ಅಂದುಕೊಂಡಿದ್ದೆ.
ಇವತ್ತು ಮಧ್ಯಾಹ್ನ, ಕೈಗವಸಿನೊಳಗೆ ಬೆವರುತ್ತಾ,
ಅದು ಇದರ ಹೆಸರು ಅಂತ ಹೊಳೆಯಿತು.
ಬಯಲಿನಿಂದ ಪ್ರಾಣಿ ಹೋದ ಮೇಲೂ
ಬೈಗುಳದ ಹುಲ್ಲಿನಲ್ಲಿ, ನೆಲಕ್ಕೆ ಹೊಟ್ಟೆಯೊತ್ತಿ,
ಹೆಸರು ಕೂತಿತ್ತು.

ಮಂಜೂರಾದ ದುಡ್ಡು ಮುಖದ ಎಡಭಾಗಕ್ಕೇ ಮುಗಿಯಿತು.
ಸೋಮವಾರ ಪಾಲಕರ ಸಭೆ,
ಬಲಗಡೆ ಇದ್ದ ಹಾಗೇ ಇರಲಿ ಅಂದರು ಬಾಯಿ.
ಬಾಗಿಲಿನಿಂದ ಬರುವವರಿಗೆ ಚಿರತೆ,
ಕಿಟಕಿಯ ಕಡೆಯಿಂದ ಇನ್ನೊಂದು.

ಸಂಜೆ ಬೀಗ ಹಾಕಲು ಬಂದ ಸಿಪಾಯಿ ಧೋಂಡಿಬಾ
ಕಿಟಕಿಯ ಕಡೆ ಹೋಗಿ ನಿಂತ.
ಇದು ಅಳ್ತಿದೆಯಲ್ಲ, ಅಂದ ಮರಾಠಿಯಲ್ಲಿ.
ಅಲ್ಲ ಮಾಮಾ, ಬಿಸಿಲು ಕಣ್ಣಿಗೆ ಹೊಡೆಯಬಾರದು ಅಂತ
ಆ ಗೆರೆ, ಹಾಗಂತಾರೆ,
ಹಗಲಲ್ಲಿ ಬೇಟೆಗೆ ಹೋಗುವುದಲ್ಲವೇ.

ಅವನು ತಲೆಯಾಡಿಸಿದ.
ಆದರೂ ಹೋಗುವ ಮುನ್ನ
ಪಡುವಣ ಕಿಟಕಿಯ ಪರದೆ ಎಳೆದ.