ಶನಿವಾರದ ಅಂಕಣಕ್ಕೆ ಮುನ್ನೂರು ಪದ

ಹೆಬ್ಬೆರಳ ಗಂಟಿಗೆ ನೋವು, ಟೈಪು ಬೇಡವೆಂದರು ಡಾಕ್ಟರು.
ಹಾಗಾಗಿ ಈ ವಾರದ ಅಂಕಣ ಬಾಯಲ್ಲೇ.
ಇಂಚರ ಫೋನಿನಲ್ಲಿ ಮೈಕಿನ ಚಿತ್ರ ತೋರಿಸಿ
"ಒತ್ತಪ್ಪ, ಮಾತಾಡು, ಅದೇ ಬರ್ಕೊಳತ್ತೆ" ಎಂದು
ಮೆಸ್ಕಾಂ ಆಫೀಸಿಗೆ ಸ್ಕೂಟಿ ಹತ್ತಿದಳು.

ದುರ್ಗಿಗುಡಿಯ ಮಹಡಿ ಮನೆ. ಕೆಳಗೆ
ಹೊಲಿಗೆ ಮಿಷನ್ನಿನ ರಿಪೇರಿ ಅಂಗಡಿ,
ಎದುರಿಗೆ ವರ್ಷದಲ್ಲಿ ಮೂರನೇ ಸಲ ಅಗೆದ ರಸ್ತೆ.
ಸಭೆಯಲ್ಲಿ ನಿಂತವನಂತೆ ಗಂಟಲು ಸರಿಮಾಡಿಕೊಂಡು
"ಪ್ರಜೆಗಳೇ ಪ್ರಭುಗಳು" ಅಂದೆ.
ಫೋನು ಬರೆಯಿತು: ಪೂಜೆಗಳೇ ಪ್ರಭುಗಳು.
ತಿದ್ದಲು ಹೋದವನು ಕೈ ತಡೆದೆ.
ಇಪ್ಪತ್ತು ವರ್ಷ ಬರೆದೂ ನಾನು
ಇಷ್ಟು ಚುಟುಕಾಗಿ ಹೇಳಿದ್ದು ನೆನಪಿಲ್ಲ.

"ಮತ ಮಾರಿಕೊಂಡವರು" ಅಂದೆ.
ಮಾತು ಮರೆತವರು, ಅಂತ ಬಂತು.

ಅಲ್ಲಿಗೆ ಭಾವ ಬಂದು ಕೂತರು, ಚಂದ್ರಹಾಸ ಭಾವ,
ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು.
ನನ್ನ ಮೊದಮೊದಲ ಹಾಳೆಗಳೆಲ್ಲ
ಅವರು ಸೈಕಲ್ಲಿಗೆ ಕಟ್ಟಿ ತಂದ ಅಂಚು ಹರಿದ ಸರಕು.
ಕಳೆದ ಚುನಾವಣೆಯಲ್ಲಿ ಮನೆಮಂದಿಯ ಗ್ರೂಪಿಗೆ
ನಾನೊಂದು ಕಾರ್ಟೂನು ಹಾಕಿ, ಅವರೊಂದು ವೀಡಿಯೊ ಹಾಕಿ,
ನಾನು ಅದರ ಕೆಳಗೆ "ಇದು ಸುಳ್ಳು" ಎಂದೆರಡೇ ಪದ ಬರೆದು,
ಬೆಳಗಾಗುವಷ್ಟರಲ್ಲಿ ಬೂದು ಅಕ್ಷರದಲ್ಲಿ
ಭಾವ ಗ್ರೂಪು ತೊರೆದಿದ್ದಾರೆ.
ಬಸ್ಸಿಗೆ ಮುಕ್ಕಾಲು ಗಂಟೆ ಭದ್ರಾವತಿ.
ಹಬ್ಬಕ್ಕೆ ಅಕ್ಕನ ಡಬ್ಬಿ ಮಾತ್ರ ಬರುತ್ತದೆ, ಕಡುಬು ತುಂಬಿ,
ಈ ಕಡೆ ಬರುವ ಯಾರದೋ ಕೈಯಲ್ಲಿ.
ಖಾಲಿ ಕಳಿಸಬಾರದೆಂದು ಕುಮುದ ಅದಕ್ಕೆ
ಸಕ್ಕರೆ ಹಾಕಿ, ಆ ಕಡೆ ಹೋಗುವವರನ್ನು ಹುಡುಕುತ್ತಾಳೆ.

ಇದೆಲ್ಲ ಅಂಕಣಕ್ಕೆ ಬೇಡ.

ಅಡುಗೆಮನೆಯಲ್ಲಿ ನೀರಿನ ಮಿಷನ್ನು ಕುಯ್ಯೆಂದಿತು,
ಕೆಂಪು ದೀಪ, ಫಿಲ್ಟರು ಬದಲಿಸಿ ಅಂತ.
ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು
ಎಂದು ಹೆಮ್ಮೆಪಡುವ ಊರಿನಲ್ಲಿ
ಹೊಳೆಗೂ ಲೋಟಕ್ಕೂ ನಡುವೆ
ಮೂರು ಸಾವಿರ ರೂಪಾಯಿಯ ಕೊಳವೆ!
ಸಂಸ್ಕೃತಿಯ ಪ್ಯಾರಾ ಸಿಕ್ಕಿತೆಂದು ಹುರುಪು ಬಂತು.
ಎದ್ದು ನಿಂತೇ ಹೇಳಿದೆ. ಕೈ ಕೂಡ ಬೀಸಿದೆ.

ಎಷ್ಟು ಹೊತ್ತೋ. ಕೂತು ಓದಿದರೆ
ಚುಕ್ಕೆಯಿಲ್ಲ, ಅಲ್ಪವಿರಾಮವಿಲ್ಲ:
*ತುಂಗೆಯ ಪಾವಿತ್ರ್ಯ ಹಳೇ ಪೇಪರ್ ಹಳೇ ಕಬ್ಣ
ನಮ್ಮ ಪರಂಪರೆ ಎಂದರೆ ಹರಿವೆ ಸೊಪ್ಪು ಸಬ್ಬಸಿಗೆ
ನಾಗರಿಕರು ಯೋಚಿಸಬೇಕು ರೀ
ಯಂತ್ರಗಳ ಈ ಯುಗದಲ್ಲಿ ರೀ ಕೇಳ್ತಾ
ಕೇಳುವ ಸಹನೆಯೇ ಇಲ್ಲದಂತಾಗಿ ಡಬ್ಬಿ
ತೊಳೆದಿಟ್ಟಿದೀನಿ ಈ ಸಲ ನೀವೇ ಕೊಟ್ಟು ಬನ್ನಿ
ಭಾವಂಗೆ ಕಣ್ಣಿನ ಆಪರೇಷನ್ ಆಗಿದೆಯಂತೆ
ಆದ್ದರಿಂದ ಸಮಾಜ*

ಯಾವಾಗ ಹೇಳಿದಳು?
ಬಾಗಿಲಲ್ಲಿ ನಿಂತೋ, ನನ್ನ ಬೆನ್ನ ಹಿಂದೋ?
ಅಡುಗೆಮನೆ ಖಾಲಿ. ಚಪ್ಪಲಿ ಇಲ್ಲ.
ಕಟ್ಟೆಯ ಮೇಲೆ ಸ್ಟೀಲು ಡಬ್ಬಿ, ಮುಚ್ಚಳದ ಮೇಲೆ
ಅಕ್ಕನ ಮದುವೆಯಲ್ಲಿ ಕೊರೆಸಿದ ಹೆಸರು, ಅರ್ಧ ಸವೆದು
ಚಂದ್ರ ಅಷ್ಟೇ ಉಳಿದಿದೆ.

ಒಟ್ಟು ಪದ ಮುನ್ನೂರ ಹದಿನೆಂಟು.
ಸೊಪ್ಪಿನವಳದು, ಪೇಪರಿನವನದು, ಕುಮುದಳದು ಕಳೆದರೆ
ಇನ್ನೂರ ಎಪ್ಪತ್ತೆರಡು. ಇನ್ನೂ ಇಪ್ಪತ್ತೆಂಟು ಬೇಕು.
ಷಡಕ್ಷರಿ ಐದಕ್ಕೆ ಸರಿಯಾಗಿ ಫೋನು ಮಾಡುತ್ತಾನೆ,
"ಎಲ್ರೀ ಸ್ವಾಮಿ, ಪುಟ ಕಾಯ್ತಿದೆ" ಅಂತ.
ಐದಕ್ಕೆ ನಾನು ಖಾಸಗಿ ಬಸ್ಸಿನ ಹಿಂದಿನ ಸೀಟಿನಲ್ಲಿ
ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರೆ
ಆ ಗದ್ದಲದಲ್ಲಿ
ಅವನು ಹೇಳಿದ್ದೊಂದೂ ಕೇಳಿಸುವುದಿಲ್ಲ.