ಎನ್ನಲಾಗಿದೆ

ರಾತ್ರಿ ಹನ್ನೊಂದೂವರೆ. ರಾಯಚೂರು, ತೀನ್ ಕಂದಿಲ್ ಹಿಂದಿನ ಓಣಿ.
ಕೆಳಗೆ ಹಿಟ್ಟಿನ ಗಿರಣಿ, ಮಾಳಿಗೆ ಮೇಲೆ ನಮ್ಮ ಪತ್ರಿಕೆ.
ಏಜೆನ್ಸಿ ಸುದ್ದಿ ಇಂಗ್ಲಿಷಿನಲ್ಲಿ ಬರುತ್ತದೆ,
ನಾನು ಕನ್ನಡ ಮಾಡುತ್ತೇನೆ. ಎಂಟು ಸಾಲಿಗೆ ಜಾಗ.

ಇಸ್ರೇಲಿನ ಹುಡುಗಿಗೆ ಹೆಸರಿದೆ. ಒಂಬತ್ತು ವರ್ಷ.
ಪಿಟೀಲು ಕಲಿಯುತ್ತಿದ್ದಳು, ಹಲ್ಲಿಗೆ ತಂತಿ ಕಟ್ಟಿಸಿದ್ದರು.
ಕೊಂದರು. ಯಾರು, ಯಾವುದರಿಂದ, ಎಷ್ಟು ಗಂಟೆಗೆ, ಎಲ್ಲ ಇದೆ.
ನನ್ನ ಮಗಳ ಹಲ್ಲು ನೆನಪಾಗಿ ಕೈ ತಡೆಯಿತು.
ತಡೆಯಲೇಬೇಕು, ಅದರಲ್ಲಿ ತಪ್ಪೇನಿಲ್ಲ.

ಕೆಳಗಿನ ಪ್ಯಾರಾ ಗಾಜಾ:
'ಕಟ್ಟಡ ಕುಸಿದು, ಮಕ್ಕಳು ಸೇರಿದಂತೆ
ಹದಿನಾಲ್ಕು ಮಂದಿ ಮೃತಪಟ್ಟಿದ್ದಾರೆ ಎನ್ನಲಾಗಿದೆ.'

ಸೇರಿದಂತೆ.
ಎಷ್ಟು ಮಕ್ಕಳು ಹಿಡಿಸುತ್ತಾರೆ ಈ ಪದದೊಳಗೆ?
ಎನ್ನಲಾಗಿದೆ. ಅಂದವರು ಯಾರು?
ನಮ್ಮವ್ವ ಹಂಗ ಮಾತಾಡಿದಾಕಿ ಅಲ್ಲ.
ಹಾಲು ಚೆಲ್ಲೇತಿ ಅಂದರೆ
'ತಾನ ಚೆಲ್ಲೇತೇನು? ಚೆಲ್ಲಿದಾಂವ ಯಾಂವ?' ಅಂತ
ಒಲೆ ಮುಂದಿನಿಂದ ಎದ್ದೇ ಬಿಡುತ್ತಿದ್ದಳು.

ಎನ್ನಲಾಗಿದೆ ಅಳಿಸಿದೆ.
ಕುಸಿದು ಅಳಿಸಿ, ಬಾಂಬು ಹಾಕಿ ಕೆಡವಿದ್ದರಿಂದ ಅಂತ ಬರೆದೆ.
ಅಮರಗುಂಡಪ್ಪನವರು ಕನ್ನಡಕ ಹಣೆಗೇರಿಸಿದರು:
'ಏಜೆನ್ಸಿ ಕೊಟ್ಟಷ್ಟು ಹಾಕ್ರಿ. ನೀವೇನು ಅಲ್ಲಿ ನಿಂತು ನೋಡೀರೇನು?'
ನೋಡಿಲ್ಲ.
ಪಿಟೀಲಿನ ಹುಡುಗಿಯನ್ನೂ ನೋಡಿರಲಿಲ್ಲ,
ಅದನ್ನು ಹೇಳಲಿಲ್ಲ.

ನಿಂತು ನೋಡಿದ್ದು ಒಂದಿದೆ.
ಎರಡು ವರ್ಷದ ಕೆಳಗೆ, ಮಂತ್ರಾಲಯ ರಸ್ತೆಯ ಹತ್ತಿ ಜಿನ್ನು.
ಲಾರಿಗೆ ದಾರಿ ಸಾಲದೆಂದು ಕಂಬ ತೆಗೆಸಿದ್ದು ಯಾರೆಂದು
ಹಮಾಲರು ಹೆಸರು ಹಿಡಿದು ಹೇಳಿದ್ದರು.
ಒಬ್ಬಾಕೆ ನನ್ನ ಪೆನ್ನು ಹಿಡಿದ ಕೈಯನ್ನೇ ಹಿಡಿದುಕೊಂಡಿದ್ದಳು.
ಚಪ್ಪಲಿಗೆ ಅಂಟಿದ ಹತ್ತಿ ಇದೇ ಮೇಜಿನ ಕೆಳಗೆ ಕೊಡವಿ ಬರೆದೆ:
'ಗೋಡೆ ಕುಸಿದು ಮೂವರ ಸಾವು.'
ಗೋಡೆಯೇ ಕರ್ತೃ.
ಕೆಳಗೆ, ಕಾಲು ಪುಟ, ಮಾಲೀಕರ ಹುಟ್ಟುಹಬ್ಬದ ಜಾಹೀರಾತು.
ಆ ದಿನ ಯಾವ ಏಜೆನ್ಸಿಯೂ ಇರಲಿಲ್ಲ.

ನಾಳೆ ಫೋನು ಬರುತ್ತವೆ. ದೇವದುರ್ಗದ ಒಬ್ಬರು ನಾವು ಅವರ ಪರ ಅನ್ನುತ್ತಾರೆ,
ಸಿಂಧನೂರಿನ ಇನ್ನೊಬ್ಬರು ಇವರ ಪರ.
ಇಬ್ಬರಿಗೂ ಹೂಂ ಅನ್ನುವುದು ನನಗೆ ರೂಢಿ.

ಕರಡು ತಿದ್ದುವ ಚಾಂದಸಾಬರು ಪುಟ ಹಿಡಿದು ಕೂತರು.
ಎಂಟನೇ ಸಾಲಿನ ಮೇಲೆ ಪೆನ್ನು ಬಹಳ ಹೊತ್ತು ನಿಂತಿತು.
ನಾನು ಕಾದೆ.
'ಮ್ರತ' ಇದ್ದದ್ದನ್ನು 'ಮೃತ' ಮಾಡಿದರು.
ಅಂಚಿನಲ್ಲಿ ಬರೆದರು: ಬೇರೆ ತಪ್ಪಿಲ್ಲ.

ನಾಲ್ಕರ ಮಾನ್ವಿ ಬಸ್ಸಿಗೆ ಕಟ್ಟು ಹಾಕಲಾಯಿತು.
ಹಾಕಲಾಯಿತು ಅಲ್ಲ.
ನಾನು ಹಾಕಿದೆ.