ಎರಡು ಚುಕ್ಕಿ

ಬಲದಿಯಾದ ಕಾಯಿದೆ: ಅರಬ್ಬಿ ಮೇಲೆ, ದಪ್ಪಗೆ;
ಇಂಗ್ಲಿಷು ಕೆಳಗೆ, ಸಣ್ಣಗೆ.
ಕನ್ನಡಕ್ಕೆ ಜಾಗವಿಲ್ಲ, ನಾನೂ ಕೇಳಲಿಲ್ಲ.
ಬೋರ್ಡು ಬರೆಯುವ ಸುಡಾನಿನ ಮುದುಕ
ನನ್ನ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು,
"ಬಾಂಗಾಳ?" ಅಂದ.
"ಪಾಂಗಾಳ." ತುಟಿ ಒತ್ತಿ ತೋರಿಸಿದೆ.
"ಅದೇ, ಬಾಂಗಾಳ," ಅಂದ ಪುಣ್ಯಾತ್ಮ.
ಅವರ ಅಕ್ಷರಮಾಲೆಯಲ್ಲಿ ಪಕಾರವೇ ಇಲ್ಲವಂತೆ.
ಬೇಕಾದರೆ ಪಾರಸಿಯವರ ಹಾಗೆ ಬಕಾರದ ಹೊಟ್ಟೆಯಡಿ
ಇನ್ನೆರಡು ಚುಕ್ಕಿ ಇಡಬಹುದು,
ಚುಕ್ಕಿಗೆ ಹದಿನೈದು ದಿರ್ಹಮು.
ಅಡ್ವಾನ್ಸು, ಬಾಡಿಗೆ, ಲೈಸೆನ್ಸು ಕಳೆದು
ನನ್ನ ಜೇಬಿನಲ್ಲಿ ಒಂದೂವರೆ ಚುಕ್ಕಿ ಉಳಿದಿತ್ತು.
ಪ, ಫ, ಬ: ನಮ್ಮ ಶಾಲೆಯ ಸಾಲಿನಲ್ಲಿ
ನಡುವೆ ಒಂದೇ ಮನೆ. ಇರಲಿ ಬಿಡಿ ಅಂದೆ.

ಪಾಂಗಾಳ ಟೈಲರಿಂಗ್, ನುಐಮಿಯಾ, ಅಜ್ಮಾನ್.
ಎಡಕ್ಕೆ ಮೊಬೈಲಿನಂಗಡಿ, ಬಲಕ್ಕೆ ಮೀನಿನ ಫ್ರೀಜರು,
ಮೇಲೆ ಯಾರದೋ ಏಸಿ ತೊಟ್ಟಿಕ್ಕಿ ತೊಟ್ಟಿಕ್ಕಿ
ಮೂರೇ ತಿಂಗಳಲ್ಲಿ ಇಂಗ್ಲಿಷಿನ ಮೊದಲಕ್ಷರ ಬಿಳಿಚಿತು.
ಆ ಮೂರು ತಿಂಗಳು
ನಾನೊಬ್ಬ ಇದ್ದೇನೆಂದು ಊರಿಗೆ ಹೇಳುವುದೇ ಕೆಲಸ.
ಭಾವ ರಘುವೀರ ಫೋನಿನಲ್ಲಿ ಪಾಠ ಹೇಳಿದ:
"ಕಾಣಿಸಿಕೊಳ್ಳಬೇಕು ಮಾರಾಯ, ಕಾಣಿಸದವ ಇಲ್ಲದವ."
ಕಾಣಿಸಿಕೊಂಡೆ.
ಕಾರುಗಳ ವೈಪರಿಗೆ ಚೀಟಿ ಸಿಕ್ಕಿಸಿದೆ; ಬಲದಿಯಾ ದಂಡ ಹಾಕಿತು.
ಸ್ಟೇಟಸ್ಸಿಗೆ ಸಫಾರಿ ಸೂಟಿನ ಫೋಟೋ ಹಾಕಿದೆ;
ಹನ್ನೊಂದು ಮಂದಿ ಹೆಬ್ಬೆರಳು ತೋರಿಸಿದರು,
ಅವರೂ ಅವರ ಪ್ಯಾಂಟೂ ಉಡುಪಿಯಲ್ಲಿ.
ಕನ್ನಡ ಸಂಘದ ದಸರೆಗೆ ಹೋಗಿ
ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಪಾಯಸ ಕುಡಿದೆ.
ಎಲ್ಲರೂ ಬರುತ್ತೇವೆ ಅಂದರು.
ಬರುತ್ತೇವೆ ಎನ್ನುವುದು ನಮ್ಮಲ್ಲಿ
ಹೊರಡುವಾಗ ಹೇಳುವ ಮಾತು.

ಒಂದು ಗುರುವಾರ, ಇಶಾ ನಮಾಜು ಮುಗಿದ ಮೇಲೆ,
ಸಿಮೆಂಟಿನ ರೆಪ್ಪೆಯವನೊಬ್ಬ ರಸ್ತೆಯಾಚೆ ನಿಂತು
ಬೆರಳೆತ್ತಿ ಬೋರ್ಡನ್ನು ಬಲದಿಂದ ಎಡಕ್ಕೆ ಓದುತ್ತಿದ್ದ,
ಮಕ್ತಬದ ಹುಡುಗನ ಹಾಗೆ, ಅಕ್ಷರಕ್ಕೊಂದು ಉಸಿರು:
ಬಾ... ನ್... ಗಾ...
ಓಡಿ ಬಂದ. "ದಾದಾ, ಯಾವ ಜಿಲ್ಲೆ?"
"ಉಡುಪಿ."
ಹೆಸರನ್ನು ನಾಲಗೆಯ ಮೇಲೆ ಹೊರಳಿಸಿ ನೋಡಿದ,
ನೋವಾಖಾಲಿಯ ಆಚೆ ಇರಬಹುದೇ ಎಂಬಂತೆ.
ನಿಜ ಹೇಳಿದೆ, ಮುರುಕು ಹಿಂದಿಯಲ್ಲಿ.
ನಕ್ಕ. ನಕ್ಕು ಮುಗಿಸಿ ಚೀಲದಿಂದ ಲುಂಗಿ ತೆಗೆದ.
"ಬಂದಾಯಿತಲ್ಲ, ಹೊಲಿ."

ಅವರ ಲುಂಗಿಗೆ ಎರಡು ತುದಿ ಕೂಡಿಸಿ ಹೊಲಿಗೆ ಬೇಕು,
ಬಾವಿಕಟ್ಟೆಯ ಹಾಗೆ ಸುತ್ತಲೂ ಮುಚ್ಚಿರಬೇಕು.
ನಾನು ಹುಟ್ಟಿದಾಗಿನಿಂದ ಬಿಚ್ಚಿದ್ದನ್ನೇ ಉಟ್ಟವ.
ಎರಡು ದಿರ್ಹಮು. ಹೊಲಿಗೆ ಸೀದಾ ಬಂತು.
ದಿಲ್ವಾರ್ ಅದನ್ನುಟ್ಟು
ಇಪ್ಪತ್ತೆರಡು ಜನರ ಕ್ಯಾಂಪಿನಲ್ಲಿ ಅಡ್ಡಾಡಿದ.
ಮರುದಿನ ಎಂಟು ಲುಂಗಿ. ಮರುವಾರ ಮೂವತ್ತು.
ರಂಜಾನಿಗೆ ಪಂಜಾಬಿ ಎಂಬ ಉದ್ದಂಗಿ,
ಕಾಲರು ಎರಡು ಬೆರಳು ನೆಟ್ಟಗೆ ನಿಲ್ಲಬೇಕು;
ಮೊದಲ ನಾಲ್ಕು ಕೆಡಿಸಿದೆ, ಬಟ್ಟೆಯ ದುಡ್ಡು ವಾಪಸು ಕೊಟ್ಟೆ.
ಕೊಟ್ಟ ಸುದ್ದಿ ನನ್ನ ಚೀಟಿಗಳಿಗಿಂತ ದೂರ ಹೋಯಿತು.

ಈಗ ಎರಡು ಮಿಷನ್ನು. ಸುಗಂಧಿಗೆ ವೀಸಾ ಆಗಿದೆ.
ಗುಂಡಿ ಹಾಕುತ್ತಾ ಗಿರಾಕಿಗಳ ತಾಯಂದಿರ ಮಂಡಿನೋವು ವಿಚಾರಿಸುತ್ತಾಳೆ
ಬಂಗಾಳಿಯಲ್ಲಿ, ತುಳುವಿನ ರಾಗದಲ್ಲಿ.

ಮೊನ್ನೆ ಒಬ್ಬರು ಬಂದರು. ಕೆಂಪು ಕಾರು, ಕೆಟ್ಟ ಜಿಪ್ಪು.
ಸುಗಂಧಿ ನನ್ನನ್ನು ಬೈದದ್ದು ಕೇಳಿ ಬೆಚ್ಚಿಬಿದ್ದರು.
"ನೀವು ಪಾಂಗಾಳವಾ? ನಾನು ಕಟಪಾಡಿ!
ಎರಡು ವರ್ಷದಿಂದ ದಿನಾ ಇಲ್ಲೇ ಪಾರ್ಕು ಮಾಡುತ್ತೇನೆ,
ಬಂಗಾಳಿಗಳ ಅಂಗಡಿ ಅಂದುಕೊಂಡಿದ್ದೆ.
ಬೋರ್ಡು ಸರಿ ಮಾಡಿಸಿ, ನಮ್ಮವರಿಗೆ ಗೊತ್ತಾಗಲಿ."

ಸುಡಾನಿನ ಮುದುಕ ಈಗ ಚುಕ್ಕಿಗೆ ಇಪ್ಪತ್ತು ಕೇಳುತ್ತಾನೆ.
ನಲವತ್ತನ್ನು ಗಲ್ಲಾದಲ್ಲಿ ಬೇರೆಯಾಗಿ ಮಡಚಿಟ್ಟಿದ್ದೇನೆ.
ದಿಲ್ವಾರನನ್ನು ಕೇಳಿದೆ.
ಹೊರಗೆ ಹೋಗಿ ನಿಂತು ಇನ್ನೊಮ್ಮೆ ಓದಿದ.
ಇಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ.
ಅಂಗಿಯ ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು
ಸುಗಂಧಿ ಕಲಿಸಿದ ಹಾಗೆ "ಬರ್ತೇನೆ" ಅಂದ.
ಮೇಲಿನ ಏಸಿಯ ನೀರು ಹೊಸ್ತಿಲ ಮೇಲೆ
ಒಂದು, ಇನ್ನೊಂದು,
ಬಿದ್ದಲ್ಲೇ ಒಣಗುತ್ತಿತ್ತು.